ನಾಲ್ಕು ವೈರಿನ ಬೆಸುಗೆ

ಅವರ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಬಿದ್ದು ಮುರಿದದ್ದೂ ಅಲ್ಲ. ವೈರು ಕಚ್ಚಿ ಕಚ್ಚಿ ಸವೆದು ಆದದ್ದು. ವೈರಿನ ತುದಿಯನ್ನು ಆ ಕಚ್ಚಿಗೆ ಸಿಕ್ಕಿಸಿ, ದವಡೆ ಒತ್ತಿ, ಕೈಯಿಂದ ಒಮ್ಮೆ ಎಳೆದರೆ ಮೇಲಿನ ಪ್ಲಾಸ್ಟಿಕ್ಕು ಕಡಲೆಕಾಯಿ ಸಿಪ್ಪೆಯಂತೆ ಕಳಚಿ ಬರುತ್ತಿತ್ತು. ಒಳಗಿನ ತಾಮ್ರದ ಎಳೆ ಒಂದೂ ತುಂಡಾಗುತ್ತಿರಲಿಲ್ಲ. ಸಿಪ್ಪೆಯನ್ನು ಪಕ್ಕಕ್ಕೆ ಥೂ ಎಂದು ಉಗಿದು, ನಿಲ್ಲಿಸಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಅವರ ಅಂಗಡಿಯ ನೆಲದ ತುಂಬ ಕೆಂಪು, ಹಸಿರು, ಹಳದಿ ಸಿಪ್ಪೆಗಳು. ಸಂಜೆ ಗುಡಿಸಿದರೆ ಮೊರ ತುಂಬುತ್ತಿತ್ತು.

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಅವರದೂ ನನ್ನದೂ ಅಕ್ಕಪಕ್ಕದ ಅಂಗಡಿ. ಅವರದು ಮೋಟಾರು ಗಾಡಿಗಳ ವೈರಿಂಗ್ ಕೆಲಸ, ನನ್ನದು ಸ್ಪೇರ್ ಪಾರ್ಟ್ಸ್ ವ್ಯಾಪಾರ. ಊರೆಲ್ಲ ಅವರನ್ನು ವೈರಿಂಗ್ ಮೇಸ್ತ್ರಿ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಸಾವ್ಕಾರ್ರೇ’ ಎನ್ನುತ್ತಿದ್ದರು. ನಾನು ಯಾವ ಸಾಹುಕಾರನೂ ಅಲ್ಲವೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾನು ಸಾಹುಕಾರನಾಗದಂತೆ ಎಚ್ಚರ ವಹಿಸಿದವರಲ್ಲಿ ಅವರೇ ಮೊದಲಿಗರು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಆ ಮಳಿಗೆ ಹಿಡಿದದ್ದೇ ಪಕ್ಕದಲ್ಲಿ ವೈರಿಂಗ್ ಅಂಗಡಿ ಇದೆ ಎಂಬ ಆಸೆಯಿಂದ. ಗಾಡಿ ಬಿಚ್ಚಿದವನು ಇಂಥ ಸಾಮಾನು ಬೇಕು ಎನ್ನುತ್ತಾನೆ, ಗಿರಾಕಿ ಪಕ್ಕದ ಅಂಗಡಿಗೆ ಬಂದು ಕೊಳ್ಳುತ್ತಾನೆ. ಇದು ಲೋಕರೂಢಿ. ನಮ್ಮಲ್ಲಿ ಮಾತ್ರ ಇದು ಉಲ್ಟಾ ಆಯಿತು. ನನ್ನ ಕೌಂಟರಿಗೆ ತಾನಾಗಿ ಬಂದ ಗಿರಾಕಿಯನ್ನು ಅವರು ತಮ್ಮ ಕಡೆಗೆ ಕರೆದುಕೊಳ್ಳುತ್ತಿದ್ದರು.

ಅಂಗಡಿ ತೆರೆದ ಹೊಸದರಲ್ಲಿ ಬೆಳ್ಳಾವಿಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ಜೀಪು ತಳ್ಳಿಸಿಕೊಂಡು ಬಂದು ಹೊಸ ಸ್ಟಾರ್ಟರ್ ಮೋಟಾರು ಕೇಳಿದ. ನನಗೆ ಅದು ದೊಡ್ಡ ವ್ಯಾಪಾರ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ದೂಳು ಊದಿ, ಕೌಂಟರಿನ ಮೇಲೆ ಇಟ್ಟೆ. ಅಷ್ಟರಲ್ಲಿ ಪಕ್ಕದಿಂದ ಒಂದು ಕತ್ತು ಚಾಚಿಕೊಂಡಿತು.

“ಏನಾಯ್ತಣ್ಣ ಜೀಪಿಗೆ?”

“ಕೀ ತಿರುಗ್ಸಿದ್ರೆ ಟಿಕ್ ಅಂತೈತೆ, ಇಂಜಿನ್ ತಿರುಗಲ್ಲ.”

“ಟಿಕ್ ಅಂತೈತೆ ಅಂದ್ರೆ ಜೀವ ಐತೆ. ಸಾವ್ಕಾರ್ರೇ, ಆ ಪೆಟ್ಟಿಗೆ ಒಳಗಿಡಿ, ಬಿಸಿಲಿಗೆ ಬಣ್ಣ ಹೋಗ್ತದೆ.”

ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ವೈರು ಹಸಿರುಗಟ್ಟಿ ಕೊಳೆತಿತ್ತು. ಒಂದು ಮೊಳ ದಪ್ಪ ವೈರು ಕತ್ತರಿಸಿ, ಎರಡೂ ತುದಿಗೆ ಬೆಸುಗೆ ಹಾಕಿ ಕಟ್ಟಿಕೊಟ್ಟರು. ಜೀಪು ಮೊದಲ ಸಲಕ್ಕೇ ಗುಡುಗಿತು. ನಾನು ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸಿದೆ. ಅವರು ಬಂದು, “ಬೇಜಾರು ಮಾಡ್ಕೋಬ್ಯಾಡಿ, ಇವತ್ತಿನ ಟೀ ನಂದು” ಎಂದರು. ಎದುರಿನ ಹೋಟೆಲಿನಿಂದ ಬೈಟು ಟೀ ತರಿಸಿದರು. ಅವತ್ತು ಶುರುವಾದ ಬೈಟು ಟೀ ಮುಂದೆ ಅವರು ಇರುವವರೆಗೂ ಒಂದೇ ಒಂದು ದಿನ ಬಿಟ್ಟು ತಪ್ಪಲಿಲ್ಲ. ಬೈಟು ಎಂದರೆ ಸರಿಪಾಲು ಎಂದು ನಾನು ತಿಳಿದಿದ್ದೆ, ಅವರ ಗ್ಲಾಸಿಗೆ ಮಾತ್ರ ಯಾವಾಗಲೂ ಒಂದು ಬೆರಳು ಹೆಚ್ಚು ಬೀಳುತ್ತಿತ್ತು.

ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕುಳ್ಳು ಆಳು, ಖಾಕಿ ಅಂಗಿ, ಅಂಗಿಯ ತುಂಬ ಕಾದ ಸೀಸ ಸಿಡಿದು ಆದ ತೂತುಗಳು. ಹೆಂಡತಿ ಹೊಸ ಅಂಗಿ ಹೊಲಿಸಿಕೊಟ್ಟರೆ ಹಬ್ಬದೊಳಗೆ ಅದಕ್ಕೂ ತೂತು ಬೀಳುತ್ತಿತ್ತು. ಬಾಗಿಲು ತೆಗೆದ ಕೂಡಲೇ ದೇವರ ಪಟಕ್ಕೆ ಊದುಬತ್ತಿ, ಆಮೇಲೆ ಸೋಲ್ಡರಿಂಗ್ ಐರನ್ನಿಗೆ ಕರೆಂಟು. ಊದುಬತ್ತಿಯ ಹೊಗೆಗಿಂತ ಬೆಸುಗೆಯ ರಾಳದ ಹೊಗೆಯೇ ಆ ಅಂಗಡಿಯಲ್ಲಿ ಹೆಚ್ಚು. ಆ ವಾಸನೆ ನನ್ನ ಅಂಗಡಿಯ ಪೆಟ್ಟಿಗೆಗಳಿಗೂ ಹತ್ತಿಕೊಂಡಿತ್ತು.

ಬೆಸುಗೆಯೆಂದರೆ ಅವರಿಗೆ ನೇಮ. ಎರಡು ವೈರು ಹೊಸೆದು ಮೇಲೆ ಟೇಪು ಸುತ್ತಿದ ಜಾಯಿಂಟು ಕಣ್ಣಿಗೆ ಬಿದ್ದರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. “ಇದು ಜಾಯಿಂಟಾ? ಗಾಯಕ್ಕೆ ಬಟ್ಟೆ ಸುತ್ತಿದಂಗೈತೆ. ಯಾವನ್ಲಾ ಮಾಡ್ದೋನು?” ಎಂದು ಕಿತ್ತು ಹಾಕುವರು. ಆ ವೈರಿಗೂ ಅವತ್ತಿನ ರಿಪೇರಿಗೂ ಸಂಬಂಧವೇ ಇಲ್ಲದಿದ್ದರೂ ಸರಿ, ಬೆಸುಗೆ ಹಾಕದೆ ಗಾಡಿಯನ್ನು ಕಳಿಸುತ್ತಿರಲಿಲ್ಲ. ಹಾಕಿದ ಮೇಲೆ ಬಂಪರಿಗೆ ಕಾಲು ಕೊಟ್ಟು ಎರಡೂ ಕೈಯಿಂದ ಎಳೆದು ನೋಡುವರು. ಆಮೇಲೆ ಒಂದು ಮಾತು ಹೇಳುವರು, ಮಂತ್ರ ಹೇಳಿದ ಹಾಗೆ: “ಬೆಸುಗೆ ಹಾಕಿದವ್ನು ಹೋದ್ರೂ ಬೆಸುಗೆ ಹೋಗ್ಬಾರ್ದು.”

ಒಳ್ಳೆಯವರು ನಿಜ. ಆದರೆ ಹಠಮಾರಿ. ತಮ್ಮಿಂದ ತಪ್ಪಾಯಿತು ಎಂದು ಅವರು ಹೇಳಿದ್ದನ್ನು ನಾನು ವರ್ಷಗಟ್ಟಲೆ ಕೇಳಿರಲಿಲ್ಲ. ಅವರು ರಿಪೇರಿ ಮಾಡಿದ ಗಾಡಿಯ ಬಲ್ಬು ಬೀದಿಯ ತಿರುವಿನಲ್ಲೇ ಹೋದರೆ, “ಬಲ್ಬಿನ ಆಯಸ್ಸು ಅಷ್ಟಿತ್ತು” ಎನ್ನುವರು. ಹಾರನ್ನು ಒತ್ತಿದರೆ ವೈಪರು ತಿರುಗಿದ ಒಂದು ಪ್ರಸಂಗವೂ ಉಂಟು. ಆಗಲೂ ಗಾಡಿಯ ಓನರನ್ನೇ ಬೈದು ಕಳಿಸಿದ್ದರು. ಅವನು ಕ್ಷಮೆ ಕೇಳಿಕೊಂಡು ಹೋದ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಗಾಡಿಗಳ ಸ್ವಭಾವವೇ ಬದಲಾಯಿತು. ಕಾರ್ಬೊರೇಟರ್ ಹೋಗಿ ಕಂಪ್ಯೂಟರ್ ಬಂತು. ಸ್ಪೀಡೋಮೀಟರಿನ ಪಕ್ಕ ಇಂಜಿನ್ನಿನ ಚಿತ್ರದ ಒಂದು ಹಳದಿ ದೀಪ ಬಂತು. ಏನಾದರೂ ಕೆಟ್ಟರೆ ಅದು ಹತ್ತಿಕೊಳ್ಳುವುದು. ಹಳೇ ಮೆಕ್ಯಾನಿಕ್ಕುಗಳು ಆ ದೀಪಕ್ಕೆ ಹೆದರಿದರು. ಕೆಲವರು ಅದರ ಬಲ್ಬನ್ನೇ ಕಿತ್ತು, “ಸರಿಹೋಯ್ತು ಹೋಗಿ” ಎಂದು ಕಳಿಸುತ್ತಿದ್ದರು. ಮೇಸ್ತ್ರಿ ಹಾಗೆ ಮಾಡಲಿಲ್ಲ. “ಮೈ ಸುಡ್ತೈತೆ ಅಂದ್ರೆ ಥರ್ಮಾಮೀಟ್ರು ಒಡೀತಾರಾ?” ಎನ್ನುತ್ತಿದ್ದರು. ಹಾಗೆಂದು ಹೊಸ ಗಾಡಿಗಳು ಅವರಿಗೆ ಸಲೀಸಾಗಿಯೂ ಇರಲಿಲ್ಲ. ಬಾನೆಟ್ಟು ಎತ್ತಿ ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಲ್ಲುವುದನ್ನು ನಾನು ಕೌಂಟರಿನಿಂದ ಕಾಣುತ್ತಿದ್ದೆ. ಅವರ ವಾರಿಗೆಯ ವೈರಿಂಗ್‌ನವರು ಒಬ್ಬೊಬ್ಬರೇ ಬಾಗಿಲು ಹಾಕಿ, ಬ್ಯಾಟರಿ ಚಾರ್ಜು ಮಾಡುವುದಕ್ಕೋ ಟೀ ಅಂಗಡಿಗೋ ಹೋಗಿಬಿಟ್ಟಿದ್ದರು.

ಹಾಗಿರುವಾಗ ಒಂದು ಸುಗ್ಗಿಯಲ್ಲಿ ಹೆಬ್ಬೂರಿನ ಡ್ರೈವರೊಬ್ಬ ತನ್ನ ಕಾರು ತಂದು ನಿಲ್ಲಿಸಿದ. ಅದು ಅವನ ಸ್ವಂತ ಟ್ಯಾಕ್ಸಿ. ಮದುವೆ, ಆಸ್ಪತ್ರೆ, ದೇವಸ್ಥಾನ ಎಂದು ತುಮಕೂರಿಗೂ ಕುಣಿಗಲ್ಲಿಗೂ ಓಡಾಡಿ ಅದರಲ್ಲೇ ಸಂಸಾರ ನಡೆಸುತ್ತಿದ್ದ. ಹಳದಿ ದೀಪ ಹತ್ತಿದೆಯೆಂದು ದೊಡ್ಡ ವರ್ಕ್‌ಶಾಪಿಗೆ ಹೋಗಿದ್ದನಂತೆ. ಅವರು ಮಿಷನ್ನು ಹಾಕಿ ನೋಡಿ, ‘ಆಕ್ಸಿಜನ್ ಸೆನ್ಸರ್ ಹೀಟರ್’ ಎಂದು ಹೇಳಿ, ಹೊಸ ಸೆನ್ಸರ್ ಹಾಕಿಸು ಎಂದರಂತೆ. ಅದನ್ನು ಕೇಳಿಕೊಂಡು ನನ್ನ ಹತ್ತಿರ ಬಂದಿದ್ದ.

ಈ ಸೆನ್ಸರ್ ಕೂರುವುದು ಇಂಜಿನ್ನಿನಿಂದ ಹೊಗೆ ಬರುವ ಕೊಳವೆಯ ಮೇಲೆ. ಹೊಗೆಯ ವಾಸನೆ ಹಿಡಿದು, ಪೆಟ್ರೋಲು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಕಂಪ್ಯೂಟರಿಗೆ ಚಾಡಿ ಹೇಳುವುದು ಅದರ ಕೆಲಸ. ತಣ್ಣಗಿದ್ದರೆ ಅದು ಬಾಯಿ ಬಿಡುವುದಿಲ್ಲ. ಬೇಗ ಕಾಯಲಿ ಎಂದು ಅದರ ಹೊಟ್ಟೆಯೊಳಗೇ ಸಣ್ಣದೊಂದು ಹೀಟರ್ ಇಟ್ಟಿರುತ್ತಾರೆ. ನಾಲ್ಕು ವೈರು: ಎರಡು ಬಿಳಿಯವು ಹೀಟರಿಗೆ, ಉಳಿದೆರಡು ಸುದ್ದಿ ಮುಟ್ಟಿಸುವುದಕ್ಕೆ. ನನಗೆ ಇಷ್ಟು ಗೊತ್ತಿತ್ತು, ಮಾರುವುದಕ್ಕೆ ಇಷ್ಟು ಸಾಕು. ಬೆಂಗಳೂರಿನಿಂದ ತರಿಸಿಕೊಡುತ್ತೇನೆ ಎಂದು ಫೋನು ಎತ್ತಿದ್ದೆ. ಪಕ್ಕದಿಂದ ಕತ್ತು ಬಂತು.

“ಹೀಟ್ರು ಸತ್ತೋಗೈತೆ ಅಂದ್ರಾ, ಹೀಟ್ರಿಗೆ ಕರೆಂಟ್ ಹೋಗ್ತಿಲ್ಲ ಅಂದ್ರಾ?”

ಡ್ರೈವರ್ ನನ್ನ ಮುಖ ನೋಡಿದ. ನಾನು ಫೋನು ಕೆಳಗಿಟ್ಟೆ.

ಕಾರಿನ ಕೆಳಗೆ ಮಲಗಿದ ಮೇಸ್ತ್ರಿ ಮೊದಲು ಹೊರಗೆ ಎಸೆದದ್ದು ಒಂದು ಹಿಡಿ ಹುರುಳಿ ಬಳ್ಳಿ. ಆಮೇಲೆ ಇನ್ನೊಂದು ಹಿಡಿ. ಹುರುಳಿ ಕಿತ್ತ ಮೇಲೆ ಹೆಬ್ಬೂರಿನಿಂದ ಕುಣಿಗಲ್‌ವರೆಗೆ ಡಾಂಬರು ರಸ್ತೆಯೇ ಎಲ್ಲರ ಕಣ. ರಸ್ತೆಯುದ್ದಕ್ಕೂ ಬಳ್ಳಿ ಹರಡಿಬಿಟ್ಟರೆ ಬಸ್ಸು, ಲಾರಿ, ಕಾರು ಪುಕ್ಕಟೆ ಒಕ್ಕಿಕೊಡುತ್ತವೆ. ಬಸ್ಸು ಲಾರಿಗೆ ಪರವಾಗಿಲ್ಲ, ಎತ್ತರ ಇರುತ್ತವೆ. ತಗ್ಗಿನ ಕಾರಿಗೆ ಬಳ್ಳಿ ಅಡಿಯಿಂದ ಸುತ್ತಿಕೊಂಡು, ಸಿಕ್ಕಿದ್ದನ್ನು ಎಳೆಯುತ್ತದೆ.

“ಏನ್ಲಾ, ಹುರುಳಿ ಒಕ್ಕಕ್ಕೆ ಹೋಗಿದ್ದಾ ಇಲ್ಲ ಬಾಡಿಗೆಗೆ ಹೋಗಿದ್ದಾ?”

“ರಸ್ತೆ ತುಂಬ ಹಾಕ್ಕಂಡವ್ರೆ, ಹಾರ್ಕೊಂಡ್ ಹೋಗಕ್ಕಾಯ್ತದಾ ಮೇಸ್ತ್ರೀ?”

ಕೀ ಆನ್ ಮಾಡಿಸಿ ಟೆಸ್ಟ್ ಲ್ಯಾಂಪು ಹಿಡಿದರು. ಕಾರಿನ ಕಡೆಯಿಂದ ಕರೆಂಟು ಸರಿಯಾಗಿ ಬರುತ್ತಿತ್ತು. ಸೆನ್ಸರ್ ಕಡೆಯ ಎರಡು ಬಿಳಿ ವೈರಿಗೆ ಮೀಟರು ಹಿಡಿದರು, ಮುಳ್ಳು ಅಲುಗಲಿಲ್ಲ. ಬೇರೆಯವರಾಗಿದ್ದರೆ ಹೀಟರ್ ಹೋಗಿದೆ ಎಂದು ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಸೆನ್ಸರಿನ ಬುಡದಲ್ಲೇ ವೈರಿಗೆ ಗುಂಡುಸೂಜಿ ಚುಚ್ಚಿ ಮತ್ತೆ ಮೀಟರು ಹಿಡಿದರು. ಮುಳ್ಳು ಎದ್ದಿತು. “ಹೀಟ್ರು ಗಟ್ಟಿಮುಟ್ಟಾಗೈತೆ. ಬಳ್ಳಿ ಎಳೆದು ವೈರು ಒಳಗೊಳಗೇ ತುಂಡಾಗೈತೆ. ಮೇಲಿನ ಸಿಪ್ಪೆ ಮಾತ್ರ ಹಂಗೇ ಐತೆ” ಎಂದರು. ನನ್ನ ಕಡೆ ತಿರುಗಿ ಕಚ್ಚು ಹಲ್ಲು ಕಾಣುವಂತೆ ನಕ್ಕರು. ಸೆನ್ಸರ್ ವ್ಯಾಪಾರ ಅಲ್ಲಿಗೆ ಮುಗಿಯಿತು.

ತುಂಡಾದದ್ದು ಎರಡು ಬಿಳಿ ವೈರು. ಅಷ್ಟಕ್ಕೇ ಬೆಸುಗೆ ಹಾಕಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಬಿಡುವವರಲ್ಲ. “ಎರಡು ಹೋದ್ಮೇಲೆ ಉಳಿದೆರಡೂ ನಾಳೆ ಹೋಯ್ತವೆ, ಅವಕ್ಕೂ ಎಳೆತ ಬಿದ್ದೈತೆ” ಎಂದು ನಾಲ್ಕನ್ನೂ ಕತ್ತರಿಸಿ, ಹಲ್ಲಿನಿಂದ ಸಿಪ್ಪೆ ತೆಗೆದು, ನಾಲ್ಕಕ್ಕೂ ಬೆಸುಗೆ ಹಾಕಿದರು. ಮೇಲೆ ಒಳಗಡೆ ಅಂಟು ಬಳಿದ ಪ್ಲಾಸ್ಟಿಕ್ ಕೊಳವೆಯ ಸ್ಲೀವು ತೊಡಿಸಿ, ಬಿಸಿ ಮಾಡಿ, ನೀರು ಗಾಳಿ ಏನೂ ಹೋಗದಂತೆ ಮುಚ್ಚಿದರು. ಅಂಥ ಅಂದದ ಕೆಲಸವನ್ನು ನಾನು ಅವರ ಕೈಯಲ್ಲೂ ಕಂಡಿರಲಿಲ್ಲ. ಕಂಪ್ಯೂಟರ್ ಹಳೆಯದನ್ನು ಮರೆಯಲೆಂದು ಬ್ಯಾಟರಿ ಬಿಚ್ಚಿ ಹಾಕಿ ಸ್ಟಾರ್ಟ್ ಮಾಡಿದರೆ ಹಳದಿ ದೀಪ ಒಮ್ಮೆ ಮಿಂಚಿ ಆರಿತು.

ಡ್ರೈವರಿಗೆ ಇನ್ನೂ ಅಳುಕು. “ಮತ್ತೆ ಬಂದ್ರೆ ಏನ್ಮಾಡ್ಲಿ ಮೇಸ್ತ್ರೀ?”

ಅದು ಕೇಳಬಾರದ ಪ್ರಶ್ನೆ. ಟೀ ಕುಡಿಯುತ್ತಿದ್ದ ಜನವೆಲ್ಲ ಕೇಳುವಂತೆ ಅವರು ಹೇಳಿದರು: “ಈ ವೈರಿನ ದೆಸೆಯಿಂದ ಆ ದೀಪ ಮತ್ತೆ ಹತ್ತಿದ್ರೆ ನಾನು ಐರನ್ ಕೆಳಗಿಡ್ತೀನಿ ಕಣ್ಲಾ. ಅಂಗಡಿ ಬಾಗ್ಲು ಹಾಕಿ ಕುಣಿಗಲ್‌ಗೆ ಮಗಳ ಮನೆಗೆ ಹೋಗಿ ಕುಂತ್ಕತೀನಿ.”

ಕೆಲವು ವಾರ ಕಳೆದು ಡ್ರೈವರ್ ಬಂದ. ದೀಪ ಹತ್ತಿತ್ತು.

ದೀಪದ ಜೊತೆಗೆ ಬೇರೆ ತೊಂದರೆಗಳೂ ಬಂದಿದ್ದವು. ಮೈಲೇಜು ಬಿದ್ದುಹೋಗಿತ್ತು, ಸೈಲೆನ್ಸರಿನ ಬಾಯಿ ಕಪ್ಪಗೆ ಮಸಿಗಟ್ಟಿತ್ತು, ಗಾಡಿಯೊಳಗೆ ಕೂತವರಿಗೆ ಪೆಟ್ರೋಲಿನ ವಾಸನೆ. ವರ್ಕ್‌ಶಾಪಿನವರು ಈ ಸಲ ಬೇರೆಯೇ ಹೇಳಿದ್ದರು: ಹೀಟರ್ ಸರಿಯಿದೆ, ಆದರೆ ಸೆನ್ಸರಿನ ಸುದ್ದಿ ಸರಿಯಿಲ್ಲ. ಯಾರೋ ವೈರಿಗೆ ಕೈ ಹಾಕಿದ್ದಾರೆ, ಸೆನ್ಸರು, ವೈರಿಂಗು, ಬೇಕಾದರೆ ಕಂಪ್ಯೂಟರೂ ಬದಲಾಯಿಸಬೇಕಾದೀತು. ಡ್ರೈವರ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. “ಅಷ್ಟೆಲ್ಲ ನನ್ ಕೈಲಾಗಲ್ಲ ಮೇಸ್ತ್ರೀ. ಮಾರಿಬುಡ್ತೀನಿ” ಎಂದು ಕಲ್ಲಿನ ಮೇಲೆ ಕೂತ.

“ಇವತ್ತು ನಾಳೆ ಗಾಡಿ ಇಲ್ಲೇ ಬುಡು” ಎಂದರು ಮೇಸ್ತ್ರಿ. ಅಷ್ಟೇ.

ಅವತ್ತು ಸಂಜೆಯವರೆಗೆ ಕಾರಿನ ಕೆಳಗಿದ್ದರು. ಕರೆಂಟು ಬರುತ್ತಿದೆ. ಹೀಟರ್ ಕಾಯುತ್ತಿದೆ. ನಾಲ್ಕು ಬೆಸುಗೆಯೂ ಕಲ್ಲಿನಂತೆ ನಿಂತಿವೆ, ಮೀಟರಿನಲ್ಲಿ ಒಂದು ಕೂದಲಷ್ಟೂ ಲೋಪವಿಲ್ಲ. ಆದರೂ ಸೆನ್ಸರು ಸುಳ್ಳು ಹೇಳುತ್ತಿದೆ: ಹೊಗೆಯಲ್ಲಿ ಪೆಟ್ರೋಲು ಹೆಚ್ಚಾಗಿದ್ದರೂ ಕಡಿಮೆ ಇದೆ ಎನ್ನುತ್ತಿದೆ, ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಸುರಿಯುತ್ತಿದೆ. ಅವರು ಎದ್ದು ಬಂದಾಗ ಬೆನ್ನೆಲ್ಲ ದೂಳು. ಟೀ ಕುಡಿಯಲು ಕರೆದರೆ ಬೇಡವೆಂದರು. ಬೈಟು ತಪ್ಪಿದ್ದು ಅದೊಂದೇ ದಿನ.

ಮರುದಿನ ಬೆಳಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವರು ಗೋಡೆಯ ಮೇಲಿನ ವೈರಿನ ಸುರುಳಿಗಳನ್ನು ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದರು.

“ಇದೇನು ಮೇಸ್ತ್ರೀ?”

“ಮಾತಂದ್ರೆ ಮಾತು. ದೀಪ ಹತ್ತೈತೆ.”

“ತಮಾಷೆಗೆ ಹೇಳಿದ ಮಾತು ಬಿಡಿ.”

“ನಾನು ತಮಾಷೆಗೆ ಯಾವತ್ತು ಹೇಳಿದೀನಿ? ಹಳೇ ಗಾಡಿ ಮುಗ್ದೋದ್ವು. ಹೊಸ ಗಾಡಿ ನನಗೆ ತಿಳೀತಾ ಇಲ್ಲ. ತಿಳೀದ ಕೆಲಸಕ್ಕೆ ಕೈ ಹಾಕಿ ಇನ್ನೊಬ್ಬನ ಅನ್ನ ಕಳೀಬಾರ್ದು.”

ನಾನು ನನ್ನ ಕೌಂಟರಿಗೆ ಬಂದು ಕೂತೆ. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಅವರು ಹೋದರೆ ನನಗೆ ಒಳ್ಳೆಯದೇ. ಸ್ಟಾರ್ಟರು, ಹಾರನ್ನು, ಸೆನ್ಸರು ಎಲ್ಲ ಸಲೀಸಾಗಿ ಮಾರಾಟವಾಗುತ್ತವೆ. ಆದರೆ ಕಣ್ಣು ಮತ್ತೆ ಮತ್ತೆ ಆ ಗೋಣಿಚೀಲದ ಕಡೆಗೇ ಹೋಗುತ್ತಿತ್ತು. ಪಕ್ಕದ ಗೋಡೆಯಿಂದ ರಾಳದ ವಾಸನೆ ಬರದ ಅಂಗಡಿಯಲ್ಲಿ ನಾನು ಕೂತಿರುವುದನ್ನು ಯೋಚಿಸುವುದಕ್ಕೂ ಆಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯಿದೆಯೆಂದು ನನಗೆ ಗೊತ್ತಾದದ್ದು ಅವತ್ತು.

ಬೈಟು ತರಿಸಿ ಅವರ ಅಂಗಡಿಗೆ ಹೋದೆ. ಸುಮ್ಮನೆ ಕೂರಲಾರದೆ, ಆ ಸೆನ್ಸರಿನ ವಿಷಯ ಏನಾದರೂ ಗೊತ್ತಿದೆಯೇ ಎಂದು ತಲೆ ಕೆರೆದುಕೊಂಡೆ. ಒಮ್ಮೆ ಬಿಡಿಭಾಗದ ಕಂಪನಿಯೊಂದು ನಮ್ಮಂಥ ಅಂಗಡಿಯವರನ್ನೆಲ್ಲ ಬೆಂಗಳೂರಿಗೆ ಕರೆಸಿ ಊಟ ಹಾಕಿಸಿತ್ತು. ಊಟಕ್ಕೆ ಮೊದಲು ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸಿ ಇದರ ಬಗ್ಗೆ ಮಾತಾಡಿದ್ದರು. ನನಗೆ ಹೋಳಿಗೆ ಚೆನ್ನಾಗಿ ನೆನಪಿದೆ. ಭಾಷಣದಲ್ಲಿ ಒಂದೇ ವಾಕ್ಯ ಉಳಿದಿತ್ತು. ಅದನ್ನೇ ಹೇಳಿದೆ.

“ಅದು ಒಳಗಿನ ಹೊಗೇನ ಹೊರಗಿನ ಗಾಳಿ ಜೊತೆ ಹೋಲಿಸಿ ನೋಡುತ್ತಂತೆ ಮೇಸ್ತ್ರೀ. ಅಷ್ಟು ಬಿಟ್ಟರೆ ನನಗೇನೂ ಗೊತ್ತಿಲ್ಲ.”

ಸುರುಳಿ ಇಳಿಸುತ್ತಿದ್ದ ಕೈ ನಿಂತಿತು. “ಹೊರಗಿನ ಗಾಳೀನಾ?”

“ಹೌದು.”

“ಅದಕ್ಕೆ ಹೊರಗಿನ ಗಾಳಿ ಎಲ್ಲಿಂದ ಸಿಗ್ತದೆ? ಸುತ್ತ ಕಬ್ಬಿಣ, ತಲೆ ಮೇಲೆ ರಬ್ಬರ್ ಬಿರಡೆ. ಒಂದು ತೂತಿಲ್ವಲ್ಲ.”

ನನ್ನಲ್ಲಿ ಗಿರಾಕಿಗಳು ವಾಪಸು ಕೊಟ್ಟ ಸತ್ತ ಸೆನ್ಸರುಗಳ ಒಂದು ಡಬ್ಬ ಇತ್ತು. ಅದರಿಂದ ಒಂದನ್ನು ತಂದು ಎಲ್ಲ ಕಡೆ ತಿರುಗಿಸಿ ನೋಡಿದರು. ತೂತು ಇರಲಿಲ್ಲ. ಅದರ ಒಂದು ವೈರನ್ನು ಗೇಣುದ್ದ ಕತ್ತರಿಸಿ, ಅಭ್ಯಾಸಬಲದಿಂದ ತುದಿಯನ್ನು ಹಲ್ಲಿನ ಕಚ್ಚಿಗೆ ಸಿಕ್ಕಿಸಿದರು. ಎಳೆಯಲಿಲ್ಲ. ಹಾಗೇ ಕಚ್ಚಿಕೊಂಡು ನಿಂತರು. ಆಮೇಲೆ ವೈರನ್ನು ತುಟಿಗೆ ಸರಿಸಿ ಊದಿದರು.

“ಸಾವ್ಕಾರ್ರೇ, ನಿಮ್ಮ ಗ್ಲಾಸು ಕೊಡಿ.”

ನಾನು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ನನ್ನ ಪಾಲಿನ ಟೀಯನ್ನು ಮೋರಿಗೆ ಚೆಲ್ಲಿ, ಗ್ಲಾಸಿಗೆ ನೀರು ತುಂಬಿ, ವೈರಿನ ಒಂದು ತುದಿಯನ್ನು ಅದರಲ್ಲಿ ಅದ್ದಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು, ಕೆನ್ನೆ ಉಬ್ಬಿಸಿ ಊದಿದರು. ನೀರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ತಾಮ್ರದ ಎಳೆಗಳ ಸಂದಿಯಲ್ಲಿ ಗಾಳಿ ಹೋಗುತ್ತಿತ್ತು.

ನಾವಿಬ್ಬರೂ ಆ ಗ್ಲಾಸನ್ನೇ ನೋಡಿದೆವು. ಅವರು ಐರನ್ ಕಾಯಿಸಿ, ಅದೇ ವೈರನ್ನು ನಡುವೆ ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವು ತೊಡಿಸಿ, ಆರಿದ ಮೇಲೆ ಮತ್ತೆ ಊದಿದರು. ಕತ್ತಿನ ನರ ಉಬ್ಬಿ ಬಂತು. ಗುಳ್ಳೆ ಬರಲಿಲ್ಲ. ಎಳೆಗಳ ಸಂದಿಯನ್ನೆಲ್ಲ ಸೀಸ ತುಂಬಿಬಿಟ್ಟಿತ್ತು.

“ಅದು ವೈರಿನೊಳಗಿಂದ ಉಸಿರಾಡ್ತೈತೆ” ಎಂದರು. ಬ್ಯಾಟರಿ ಡಬ್ಬದ ಮೇಲೆ ಕೂತುಬಿಟ್ಟರು. “ಎರಡೇ ವೈರಿಗೆ ಹಾಕಿದ್ರೆ ಉಳಿದೆರಡರಾಗೆ ಹೆಂಗೋ ಬದುಕ್ಕಂತಿತ್ತು. ನಾಲ್ಕೂ ಮುಚ್ಚಿಬುಟ್ಟೆ. ನಾನೇ ಅದರ ಉಸಿರು ಕಟ್ಟಿದ್ದು.”

ಡ್ರೈವರಿಗೆ ನನ್ನ ಅಂಗಡಿಯಿಂದ ಫೋನು ಮಾಡಿಸಿದರು. ಅವನು ಬಂದಾಗ ಟೀ ಕುಡಿಯುವ ಅದೇ ಜನ ಇದ್ದರು. ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಅಂದು ಎಲ್ಲಿ ನಿಂತು ಜಂಬ ಕೊಚ್ಚಿದ್ದರೋ ಅಲ್ಲೇ ನಿಂತು, ಅಷ್ಟೇ ಗಟ್ಟಿ ದನಿಯಲ್ಲಿ ಹೇಳಿದರು: “ತಪ್ಪು ನಂದು ಕಣಪ್ಪ. ಸೆನ್ಸ್ರದಲ್ಲ, ಕಂಪ್ಯೂಟ್ರದಲ್ಲ, ಹುರುಳಿದೂ ಅಲ್ಲ. ನಂದು.”

ಆ ಮಾತು ಹೊರಬರುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿದ್ದ ನನಗೆ ಗೊತ್ತು. ಕಿವಿ ಕೆಂಪಾಗಿತ್ತು. ಯಾರೂ ನಗಲಿಲ್ಲ.

ಬೆಸುಗೆ ಇಲ್ಲದೆ ಜೋಡಿಸುವುದೆಂದರೆ ವೈರುಗಳನ್ನು ಸಣ್ಣ ತಾಮ್ರದ ಕೊಳವೆಯೊಳಗೆ ತೂರಿಸಿ ಕೊಳವೆಯನ್ನು ಒತ್ತಿ ಬಿಗಿಯುವುದು. ಅದಕ್ಕೆ ಬೇಕಾದ ಕ್ರಿಂಪಿಂಗ್ ಪ್ಲೈಯರು ಅವರಲ್ಲಿ ಇರಲಿಲ್ಲ. ಅದನ್ನು ಸೋಮಾರಿಗಳ ಸಾಮಾನು ಎಂದು ಬೈದುಕೊಂಡೇ ಬಂದವರು. ನನ್ನ ಕೌಂಟರಿಗೆ ಬಂದು, ಗಿರಾಕಿಯ ಹಾಗೆ ಈಚೆ ಬದಿಯಲ್ಲಿ ನಿಂತು, “ಸಾವ್ಕಾರ್ರೇ, ಅದೊಂದು ಕೊಡಿ” ಎಂದರು. ಅಷ್ಟು ವರ್ಷಗಳಲ್ಲಿ ತಮಗೆಂದು ಅವರು ನನ್ನ ಅಂಗಡಿಯಲ್ಲಿ ಕೊಂಡ ಮೊದಲ ಹತ್ಯಾರು ಅದು. ನಾನು ತೆಗೆದುಕೊಟ್ಟೆ. ತಮಾಷೆ ಮಾಡುವ ಆಸೆ ಬಹಳ ಇತ್ತು, ನುಂಗಿಕೊಂಡೆ.

ತಮ್ಮ ನಾಲ್ಕೂ ಬೆಸುಗೆಗಳನ್ನು ಆಚೆ ಈಚೆ ಕತ್ತರಿಸಿ ತೆಗೆದರು. ತಾಮ್ರದ ಕೊಳವೆ ಹಾಕಿ ಒತ್ತಿದರು. ಮುಖ ಕಹಿ ಮದ್ದು ಕುಡಿದವರ ಹಾಗಿತ್ತು. ಮೇಲೆ ಅಂಟಿನ ಸ್ಲೀವು ಹಾಕದೆ, ಗಾಳಿಯಾಡುವಂತೆ ಸಡಿಲವಾದ ಬಟ್ಟೆ ಕೊಳವೆ ತೊಡಿಸಿ, ನೀರು ಸಿಡಿಯದಷ್ಟು ಎತ್ತರಕ್ಕೆ, ಯಾವ ಬಳ್ಳಿಯ ಕೈಗೂ ಸಿಗದಂತೆ ಕಟ್ಟಿದರು. ಬ್ಯಾಟರಿ ಬಿಚ್ಚಿ ಹಾಕಿದರು. ಡ್ರೈವರ್ ಕುಣಿಗಲ್‌ವರೆಗೆ ಹೋಗಿ ಬಂದ. ದೀಪ ಹತ್ತಲಿಲ್ಲ, ಪೆಟ್ರೋಲಿನ ವಾಸನೆಯೂ ಇರಲಿಲ್ಲ.

ಅವನು ಗಾಡಿಯಿಂದ ಇಳಿದವನೇ ಗೋಣಿಚೀಲ ಕಂಡ. “ಇದ್ಯಾಕೆ ಮೇಸ್ತ್ರೀ?”

“ದೀಪ ಹತ್ತಿದ್ರೆ ಐರನ್ ಕೆಳಗಿಡ್ತೀನಿ ಅಂದಿದ್ನಲ್ಲ.”

“ಇಟ್ರಲ್ಲ! ನನ್ ಗಾಡಿ ಕೆಲಸಕ್ಕೆ ಇವತ್ತು ಐರನ್ ಮುಟ್ಟುದ್ರಾ? ಪ್ಲೈಯರ್ ಹಿಡಿದ್ರಿ. ಹೇಳಿದ್ ಮಾತು ನಡೆಸಿದ್ರಿ, ಆಯ್ತು ಬುಡಿ. ಚೀಲ ಬಿಚ್ಚಿ.”

ಮೇಸ್ತ್ರಿ ನನ್ನ ಕಡೆ ನೋಡಿದರು. “ಬಾಗಿಲು ಹಾಕುವ ಮಾತೂ ಹೇಳಿದ್ದಿರಿ. ರಾತ್ರಿ ಹಾಕಿಕೊಂಡು ಹೋಗಿ, ಬೆಳಗ್ಗೆ ತೆಗೆದರಾಯಿತು” ಎಂದೆ ನಾನು. ಆಗ ನಕ್ಕರು. ಚೀಲ ಬಿಚ್ಚುವುದಕ್ಕೆ ನಾನೂ ಕೈ ಹಾಕಿದೆ.

ಕತ್ತರಿಸಿ ತೆಗೆದ ನಾಲ್ಕು ವೈರಿನ ತುಂಡನ್ನು ಅವರು ಎಸೆಯಲಿಲ್ಲ. ಒಂದು ದಾರದಿಂದ ಕಟ್ಟಿ, ಕೆಲಸದ ಮೇಜಿನ ಮೇಲೆ, ದೇವರ ಪಟದ ಪಕ್ಕದ ಮೊಳೆಗೆ ತೂಗುಹಾಕಿದರು. ಯಾಕೆ ಎಂದು ನಾನು ಕೇಳಿದಾಗ, “ನನ್ನ ಕೈಯಾಗೆ ಇಷ್ಟು ಚೆಂದಾಗಿ ಬೆಸುಗೆ ಯಾವತ್ತೂ ಬಿದ್ದಿರಲಿಲ್ಲ. ಅಷ್ಟು ಚೆಂದಾಗಿದ್ದೂ ಕೆಲಸಕ್ಕೆ ಬರಲಿಲ್ಲ. ದಿನಾ ಕಣ್ಣಿಗೆ ಬೀಳ್ಲಿ” ಎಂದರು.

ಅಲ್ಲಿಂದ ಮುಂದೆ ಹಲವು ವರ್ಷ ಅಂಗಡಿ ನಡೆಯಿತು. ಹಳದಿ ದೀಪದ ಗಾಡಿಗಳು ಹುಡುಕಿಕೊಂಡು ಬರತೊಡಗಿದವು. ಸ್ವಭಾವ ಪೂರ್ತಿ ಬದಲಾಯಿತೆಂದು ನಾನು ಹೇಳಲಾರೆ. ಟೇಪು ಸುತ್ತಿದ ಜಾಯಿಂಟು ಕಂಡರೆ ಮೊದಲಿನಂತೆಯೇ ಉರಿಯುತ್ತಿದ್ದರು, ಬಲ್ಬುಗಳ ಆಯಸ್ಸೂ ಮೊದಲಿನಂತೆಯೇ ಮುಗಿಯುತ್ತಿತ್ತು. ಆದರೆ ತಿಳಿಯದ ಗಾಡಿ ಬಂದರೆ, “ಇದು ನನಗೆ ಗೊತ್ತಿಲ್ಲ, ಒಂದಿನ ಟೈಂ ಕೊಡು, ತಿಳ್ಕೊಂಡು ಹೇಳ್ತೀನಿ” ಎನ್ನುವುದನ್ನು ಕಲಿತಿದ್ದರು. ಹಾಗೆ ಹೇಳುವ ಮುಂಚೆ ಒಮ್ಮೆ ಮೊಳೆಯ ಕಡೆ ನೋಡುತ್ತಿದ್ದರು.

ಕಚ್ಚಿನ ಹಲ್ಲು ಒಂದು ದಿನ ಅಲ್ಲಾಡಿ ಬಿತ್ತು. ಅವತ್ತು ಅಂಗಡಿಗೆ ರಜಾ. ಮಗಳು ಕುಣಿಗಲ್ಲಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಟ್ಟಿಸಿದಳು. ಹೊಸ ಹಲ್ಲಿಗೂ ಇಲ್ಲೊಂದು ಕಚ್ಚು ಬಿಡಿ ಎಂದು ಡಾಕ್ಟರನ್ನು ಕೇಳಿದ್ದರಂತೆ. ಅವರು ಒಪ್ಪಲಿಲ್ಲವೆಂದು ಬಹಳ ದಿನ ಬೈದರು. ಆಮೇಲೆ ಬ್ಲೇಡಿನಲ್ಲಿ ಸಿಪ್ಪೆ ತೆಗೆಯುವುದನ್ನು ರೂಢಿ ಮಾಡಿಕೊಂಡರು, ಮೊದಲಿನ ಅಂದ ಬರಲಿಲ್ಲ.

ಒಂದು ಮಳೆಗಾಲ ಜ್ವರವೆಂದು ಗುಬ್ಬಿಯಲ್ಲೇ ಉಳಿದರು. ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ನನ್ನ ವ್ಯಾಪಾರ ಹೇಗಿದೆ ಎಂದು ಕೇಳಿದರು. ನೀವು ಬರದೆ ಚೆನ್ನಾಗಿದೆ ಎಂದೆ. “ಬತ್ತೀನಿ, ಕೆಡಿಸ್ತೀನಿ” ಎಂದರು. ಬರಲಿಲ್ಲ. ಆ ವಾರವೇ ಹೋದರು.

ಅಂಗಡಿ ಖಾಲಿ ಮಾಡಲು ಮಗಳು ಬಂದಳು. ಮೀಟರು, ಐರನ್ನು, ಪ್ಲೈಯರು ಎಲ್ಲವನ್ನೂ ಒಬ್ಬ ವೈರಿಂಗ್‌ನವನಿಗೆ ಕೊಟ್ಟು, ಕೊನೆಗೆ ಮೊಳೆಯ ಮೇಲಿನದನ್ನು ಇಳಿಸಿ ನನಗೆ ತೋರಿಸಿದಳು.

“ಇದೇನಣ್ಣ, ತುಂಡು ವೈರು? ಗುಜರಿಗೆ ಹಾಕ್ಲಾ?”

“ಬೇಡಮ್ಮ. ನನಗೆ ಕೊಡು” ಎಂದೆ.

ಈಗ ಅದು ನನ್ನ ಕೌಂಟರಿನ ಹಿಂದಿನ ಮೊಳೆಯಲ್ಲಿದೆ. ಹಳದಿ ದೀಪ ಹತ್ತಿದೆ, ಸೆನ್ಸರ್ ಕೊಡಿ ಎಂದು ಯಾರಾದರೂ ಬಂದರೆ ನಾನು ಪೆಟ್ಟಿಗೆ ಇಳಿಸುವುದಿಲ್ಲ. ಹೀಟರ್ ಹೋಗಿದೆ ಎಂದರೋ, ಹೀಟರಿಗೆ ಕರೆಂಟು ಹೋಗುತ್ತಿಲ್ಲ ಎಂದರೋ ಎಂದು ಕೇಳುತ್ತೇನೆ. ಹುರುಳಿ ಮೇಲೆ ಓಡಿಸಿದಿರಾ ಎಂದು ಕೇಳುತ್ತೇನೆ. ಹತ್ತರಲ್ಲಿ ನಾಲ್ಕು ಗಿರಾಕಿ ಏನೂ ಕೊಳ್ಳದೆ ಹೋಗುತ್ತಾರೆ. ತಪ್ಪು ಸಾಮಾನು ಕೊಟ್ಟದ್ದು ಗೊತ್ತಾದರೆ ಎಲ್ಲರ ಎದುರಿಗೇ, ತಪ್ಪು ನಂದು ಎನ್ನುತ್ತೇನೆ. ಕಿವಿ ಕೆಂಪಾಗುತ್ತದೆ, ಪರವಾಗಿಲ್ಲ. ಸಾಹುಕಾರನಾಗುವ ಯೋಗವನ್ನು ಅವರು ಹೋದ ಮೇಲೂ ತಪ್ಪಿಸುತ್ತಲೇ ಇದ್ದಾರೆ.

ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಆ ತುಂಡನ್ನು ಕೈಗೆ ತೆಗೆದುಕೊಳ್ಳುತ್ತೇನೆ. ಒಂದೊಂದೇ ವೈರನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆದು ನೋಡುತ್ತೇನೆ. ನಾಲ್ಕರಲ್ಲಿ ಒಂದು ಬೆಸುಗೆಯೂ ಬಿಟ್ಟಿಲ್ಲ.